ಗೇಟಿನಲ್ಲಿ ಹರಿದ ಟಿಕೆಟ್‌ಗಳು

ನೀವು ಬಸ್ಸನ್ನು ಎಲ್ಲಿ ಹತ್ತಿದಿರಿ ಎಂಬುದು ನಿಮಗೆ ಗೊತ್ತು, ನಿಮ್ಮನ್ನು ಹತ್ತಿಸಲು ಬಂದವರಿಗೆ ಗೊತ್ತು. ಡಿಪೋಗೆ ಮಾತ್ರ ಕಂಡಕ್ಟರು ಟಿಕೆಟ್ ಮಷೀನಿನಲ್ಲಿ ಒತ್ತಿದ್ದಷ್ಟೇ ಗೊತ್ತು. ಅವನು ಯಾವ ಸ್ಟೇಜ್, ಅಂದರೆ ಯಾವ ನಿಲ್ದಾಣ, ಒತ್ತಿದನೋ ನೀವು ಹತ್ತಿದ್ದು ಅಲ್ಲೇ. ವರ್ಷಗಟ್ಟಲೆ ಕಂಡಕ್ಟರ್ ಕೆಲಸ ಮಾಡಿದ ನನಗೆ ಇದು ಎಷ್ಟು ಸಾದಾ ವಿಷಯವಾಗಿತ್ತೆಂದರೆ, ಅದರ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ.

ನಮ್ಮ ಬಸ್ಸು ಬೆಳಗ್ಗೆ ಮಳವಳ್ಳಿಯಿಂದ ಹೊರಡುತ್ತಿತ್ತು. ಮದ್ದೂರು ರಸ್ತೆಯಲ್ಲಿ ಬಂದು, ಒಂದು ಗೇಟಿನ ಹತ್ತಿರ ಎಡಕ್ಕೆ ತಿರುಗಿ, ನಾಲ್ಕು ಕಿಲೋಮೀಟರ್ ಒಳಗಿದ್ದ ಊರಿಗೆ ಹೋಗಿ, ಅದೇ ದಾರಿಯಲ್ಲಿ ವಾಪಸ್ ಗೇಟಿಗೆ ಬಂದು, ಮದ್ದೂರಿನ ಮೇಲೆ ಮಂಡ್ಯ ಸೇರುತ್ತಿತ್ತು. ಗೇಟು ಎಂದರೆ ಬಾಗಿಲು ಗೀಗಿಲು ಏನೂ ಇಲ್ಲ. ಒಳ ಊರಿನ ರಸ್ತೆ ದೊಡ್ಡ ರಸ್ತೆಗೆ ಸೇರುವ ಜಾಗಕ್ಕೆ ನಮ್ಮ ಕಡೆ ಹಾಗೆ ಕರೆಯುತ್ತಾರೆ. ಒಂದು ಟೀ ಅಂಗಡಿ, ಒಂದು ಮೋರಿ, ಒಂದು ಹೊಂಗೆಮರ, ಇಷ್ಟೇ ಗೇಟು. ಆ ಊರಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಊರಿನವರಿಗೆ ಗೊತ್ತಾಗಬಾರದೆಂದಲ್ಲ, ಅವರಿಗೆ ಈಗ ಎಲ್ಲ ಗೊತ್ತಿದೆ. ನನ್ನ ಕೈಯಿಂದ ಇನ್ನೊಮ್ಮೆ ಆ ಹೆಸರಿಗೆ ಏನೂ ಆಗುವುದು ಬೇಡ ಎಂದಷ್ಟೇ.

ಆ ಊರಿನಲ್ಲಿ ಬೆಳಗ್ಗೆ ಮೂವತ್ತರ ಮೇಲೆ ಜನ ಹತ್ತುತ್ತಿದ್ದರು. ಮುಕ್ಕಾಲು ಪಾಲು ಹೆಂಗಸರು. ಗಾರ್ಮೆಂಟ್ಸಿಗೆ ಹೋಗುವವರು, ಕಾಲೇಜು ಹುಡುಗಿಯರು, ಮಂಡ್ಯದಲ್ಲಿ ಆಫೀಸು ಗುಡಿಸುವವರು, ಆಸ್ಪತ್ರೆಯ ಚೀಟಿ ಹಿಡಿದವರು. ಗಂಡಸರು ಮೂರೋ ನಾಲ್ಕೋ ಜನ. ಉಳಿದ ಗಂಡಸರೆಲ್ಲ ಬೈಕಿನ ಮೇಲೆ ಹೋಗುವವರು. ವಾಪಸ್ ಬರುವಾಗ ಬಸ್ಸು ಊರೊಳಕ್ಕೆ ಹೋಗುತ್ತಿರಲಿಲ್ಲ, ಗೇಟಿನಲ್ಲಿ ಇಳಿದವರು ಸಿಕ್ಕಿದ ಗಾಡಿಯಲ್ಲೋ ಕಾಲ್ನಡಿಗೆಯಲ್ಲೋ ಊರು ಸೇರುತ್ತಿದ್ದರು.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅವರಿಗೆ ಸೊನ್ನೆ ಟಿಕೆಟ್ ಕೊಡಬೇಕು. ದುಡ್ಡಿಲ್ಲ, ಆದರೆ ಟಿಕೆಟ್ ಉಂಟು, ಗುರುತಿನ ಕಾರ್ಡು ನೋಡುವುದೂ ಉಂಟು. ಊರಿನಿಂದ ಗೇಟಿನವರೆಗಿನ ರಸ್ತೆಯನ್ನು ಕಬ್ಬಿನ ಟ್ರ್ಯಾಕ್ಟರುಗಳು ಗದ್ದೆಯ ಹಾಗೆ ಉತ್ತುಹಾಕಿದ್ದವು. ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದರಲ್ಲಿ ಮಷೀನು ಒತ್ತುವುದು ಸರ್ಕಸ್ಸಿನವರ ಕೆಲಸ. ಅದರ ಮೇಲೆ ನಮ್ಮ ಹೆಂಗಸರು ಕಾರ್ಡನ್ನು ಚೀಲದೊಳಗಿನ ಪರ್ಸಿನೊಳಗಿನ ಇನ್ನೊಂದು ಪರ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಗೇಟಿನಲ್ಲಾದರೆ ಹೊತ್ತು ಸರಿಹೊಂದಿಸಲು ಬಸ್ಸು ಐದು ನಿಮಿಷ ನಿಲ್ಲುತ್ತಿತ್ತು. ಆಗ ಎಲ್ಲರಿಗೂ ಸಾಲಾಗಿ ಹರಿದುಬಿಡುತ್ತಿದ್ದೆ. ಅಷ್ಟು ಹೊತ್ತಿಗೆ ಮಷೀನಿನಲ್ಲಿ ಸ್ಟೇಜು ಊರು ದಾಟಿ ಗೇಟಿಗೆ ಬಂದಿರುತ್ತಿತ್ತು. ಹಾಗಾಗಿ ಅಷ್ಟೂ ಹೆಂಗಸರು ಗೇಟಿನಲ್ಲಿ ಹತ್ತಿದಂತೆ ಟಿಕೆಟ್ ಬರುತ್ತಿತ್ತು.

ಇದನ್ನು ಕಂಡುಹಿಡಿದವನು ನಾನಲ್ಲ. ಈ ರೂಟನ್ನು ನನಗೆ ಬಿಟ್ಟುಕೊಟ್ಟು ಹೋದ ಕಂಡಕ್ಟರ್ ಮೊದಲ ದಿನವೇ ಹೇಳಿದ್ದ. "ಊರೊಳ್ಗೆ ಹರಿಯಾಕ್ ಓಗಿ ಮೂತಿ ಮುರ್ಕಬ್ಯಾಡ ಕಣ್ಲಾ. ಗೇಟಲ್ಲಿ ಹರಿ. ಸೊನ್ನೆ ಟಿಕೆಟ್ ತಾನೆ, ಎಲ್ಲಿ ಹರುದ್ರೂ ಸೊನ್ನೆನೇ." ಗಂಡಸರ ದುಡ್ಡಿನ ಟಿಕೆಟ್ಟನ್ನು ಮಾತ್ರ ನಾವು ಊರಿನಲ್ಲೇ ಹರಿಯುತ್ತಿದ್ದೆವು. ಅಲ್ಲಿ ತಪ್ಪಿದರೆ ಕೆಲಸಕ್ಕೇ ಕುತ್ತು ಬರುತ್ತದೆ.

ಆ ಹೆಂಗಸು ನಮ್ಮ ಬಸ್ಸಿಗೆ ಬರತೊಡಗಿದ್ದು ಎರಡು ವರ್ಷದ ಹಿಂದೆ. ನಲವತ್ತರ ಒಳಗಿನ ವಯಸ್ಸು. ಎರಡೂ ಕಿಡ್ನಿ ಹೋಗಿ ಸೋಮವಾರ, ಬುಧವಾರ, ಶುಕ್ರವಾರ ಮಂಡ್ಯದಲ್ಲಿ ಡಯಾಲಿಸಿಸ್. ಎಂಟೂವರೆಗೆ ಅವಳ ಪಾಳಿ. ತಡವಾದರೆ ಮಷೀನು ಮುಂದಿನವರಿಗೆ ಹೋಗುತ್ತದೆ, ಅವಳಿಗೆ ಆ ದಿನ ಇಲ್ಲ. ಗಂಡ ಆಲೆಮನೆಯಲ್ಲಿ ಬೆಲ್ಲ ಬೇಯಿಸುವವನು. ಕೊಪ್ಪರಿಗೆ ಒಲೆಯ ಮೇಲಿದ್ದಾಗ ಬಿಟ್ಟು ಬರುವಂತಿಲ್ಲ. ಆದ್ದರಿಂದ ಅವಳು ಒಬ್ಬಳೇ ಬರುತ್ತಿದ್ದಳು, ಒಂದು ವೈರ್ ಬ್ಯಾಗು, ಅದರಲ್ಲಿ ಆಸ್ಪತ್ರೆಯ ಫೈಲು, ಅಳೆದು ತುಂಬಿದ ಅರ್ಧ ಬಾಟಲಿ ನೀರು. ದಿನಕ್ಕೆ ಅಷ್ಟೇ ನೀರು ಅವಳಿಗೆ.

ಸೂಜಿ ಚುಚ್ಚಲು ಅನುಕೂಲವಾಗಲೆಂದು ಅವಳ ಎಡಗೈಯಲ್ಲಿ ರಕ್ತನಾಳಗಳನ್ನು ಜೋಡಿಸಿ ಹೊಲಿದಿದ್ದರು. ಆ ಕೈಯಲ್ಲಿ ಭಾರ ಎತ್ತುವಂತಿಲ್ಲ, ಬಸ್ಸಿನ ಕಂಬಿಗೆ ಜೋತುಬೀಳುವಂತಿಲ್ಲ. ಇದು ತಿಳಿದ ಮೇಲೆ ಕಂಡಕ್ಟರ್ ಸೀಟಿನ ಹಿಂದಿನ ಸೀಟನ್ನು ಆ ಮೂರು ದಿನ ಅವಳಿಗೆಂದೇ ಬಿಡಿಸುತ್ತಿದ್ದೆ. ಒಂದು ದಿನ ಅವಳು ತೋಳು ಮುಂದೆ ಚಾಚಿದಳು.

"ಇಲ್ ಮುಟ್ಟಿ ನೋಡಣ್ಣ. ನಿನ್ ಬಸ್ಸಿನ ಇಂಜನ್ನು ನನ್ ಕೈಯೊಳ್ಗೆ ಕುಂತದೆ."

ಮುಟ್ಟಿ ನೋಡಿದೆ. ನಿಂತ ಬಸ್ಸಿನಲ್ಲಿ ಸೀಟಿನ ಕಂಬಿ ನಡುಗುವ ಹಾಗೆ ಆ ಚರ್ಮದ ಕೆಳಗೆ ಸಣ್ಣಗೆ ನಡುಗುತ್ತಿತ್ತು. ನಾನು ಹೆದರಿ ಕೈ ತೆಗೆದೆ. ಅವಳು ನಕ್ಕಳು.

"ಇದ್ ನಡುಗ್ತಾ ಇದ್ರೆ ನಾನ್ ಅವ್ನಿ ಅಂತ ಅರ್ಥ ಕಣಣ್ಣ. ನಿಂತೋದ್ರೆ ಆಪರೇಸನ್ ಮಾಡ್ದೋರ್ತಕೆ ಓಡ್ಬೇಕು."

ಹೋದ ವರ್ಷ ನನ್ನ ಸೊಂಟದ ಡಿಸ್ಕು ಜಾರಿತು. ಮೂರು ತಿಂಗಳು ಮಲಗಿ ಎದ್ದ ಮೇಲೆ ಲೈಟ್ ಡ್ಯೂಟಿ ಎಂದು ಡಿಪೋದಲ್ಲಿ ಕೂರಿಸಿದರು. ರೂಟಿಗೆ ಬಿಜಾಪುರದ ಕಡೆಯ ಹೊಸ ಕಂಡಕ್ಟರ್ ಬಂದ. ಇನ್ನೂ ಪ್ರೊಬೇಷನ್ನಿನಲ್ಲಿದ್ದ, ಮರ್ಯಾದೆಯ ಹುಡುಗ. ಅವನಿಗೆ ನಾನು ಎರಡು ಮಾತು ಹೇಳಿಕೊಟ್ಟೆ. ಒಂದು, ಆ ಹೆಂಗಸಿಗೆ ಸೀಟು ಬಿಡಿಸು. ಎರಡು, ಗೇಟಿನಲ್ಲಿ ಹರಿ. ಅವನು ಎರಡನ್ನೂ ಚಾಚೂ ತಪ್ಪದೆ ಮಾಡಿದ.

ಡಿಪೋದಲ್ಲಿ ನನ್ನ ಕೆಲಸ ಟ್ರಿಪ್ ಶೀಟು ಮಾಡುವುದು. ದಿನವೂ ಟಿಕೆಟ್ ಮಷೀನುಗಳಿಂದ ಕಂಪ್ಯೂಟರಿಗೆ ಇಳಿದ ಲೆಕ್ಕವನ್ನು ಟ್ರಿಪ್ಪುವಾರು, ಸ್ಟೇಜುವಾರು ಬೇರ್ಪಡಿಸಿ, ಯಾವ ಸ್ಟೇಜಿನಲ್ಲಿ ಎಷ್ಟು ಜನ ಹತ್ತಿದರು, ಎಷ್ಟು ಜನ ಇಳಿದರು ಎಂದು ಪಟ್ಟಿ ಮಾಡಬೇಕು. ಒಂದು ದಿನ ಮ್ಯಾನೇಜರ್ ಸಾಹೇಬರು ಕರೆದರು. ಬಸ್ಸು ಕಡಿಮೆ, ಮದ್ದೂರಿನಿಂದ ಮಂಡ್ಯಕ್ಕೆ ಕಾಲೇಜು ಹುಡುಗರು ಬಾಗಿಲಲ್ಲಿ ಜೋತಾಡುತ್ತಿದ್ದಾರೆ, ಜನವಿಲ್ಲದ ಒಳ ಟ್ರಿಪ್ಪುಗಳನ್ನು ಕಡಿದು ಆ ಹೊತ್ತನ್ನು ಅಲ್ಲಿಗೆ ಹಾಕಬೇಕು, ಒಂದು ತಿಂಗಳ ಪಟ್ಟಿ ಕೊಡಿ ಎಂದರು. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಹುಡುಗರೂ ಜೀವ ಇರುವವರೇ.

ಪಟ್ಟಿ ತೆಗೆದೆ. ನನ್ನ ಹಳೆಯ ರೂಟಿನ ಸಾಲಿಗೆ ಬಂದಾಗ ಕೈ ನಿಂತಿತು. ಊರಿನ ಸ್ಟೇಜಿನಲ್ಲಿ ಹತ್ತಿದವರು: ಮೂರು, ನಾಲ್ಕು, ಎರಡು, ಮೂರು, ನಾಲ್ಕು. ತಿಂಗಳಿಡೀ ಹೀಗೇ. ಅದರ ಕೆಳಗಿನ ಸಾಲು, ಗೇಟು: ಇಪ್ಪತ್ತೊಂಬತ್ತು, ಮೂವತ್ತೊಂದು, ಇಪ್ಪತ್ತೆಂಟು. ಆ ಹೊಂಗೆಮರದ ಕೆಳಗೆ ದಿನಾ ಮೂವತ್ತು ಜನ ನಿಂತಿದ್ದನ್ನು ದೇವರಾಣೆಗೂ ಯಾರೂ ನೋಡಿಲ್ಲ.

ಸಾಹೇಬರು ಪಟ್ಟಿಯ ಮೇಲೆ ಪೆನ್ನು ಆಡಿಸುತ್ತ ಅದೇ ಸಾಲಿಗೆ ಬಂದರು. "ಈ ರೂಟಲ್ಲಿ ನೀವೇ ಇದ್ರಲ್ವಾ? ಮೂರು ನಾಲ್ಕು ಜನಕ್ಕೆ ಎಂಟು ಕಿಲೋಮೀಟರ್ ಓಡಿಸ್ತಿದ್ದೀವಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. ನಿಜ ಹೇಳಿದರೆ ಹತ್ತಿದ ಜಾಗದಲ್ಲಿ ಟಿಕೆಟ್ ಕೊಡದೆ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆಂದು ನಾನೇ ಬರೆದುಕೊಟ್ಟ ಹಾಗೆ. ಮೆಮೊ ಬರುತ್ತದೆ, ಇನ್‌ಕ್ರಿಮೆಂಟು ಹೋಗುತ್ತದೆ, ರಿಟೈರ್ ಆಗಲು ಇದ್ದದ್ದು ಮೂರು ವರ್ಷ. ಬಿಜಾಪುರದ ಹುಡುಗನ ಕೆಲಸ ಇನ್ನೂ ಕಾಯಂ ಆಗಿಲ್ಲ. ಅವನನ್ನು ಯೋಚಿಸಿ ಸುಮ್ಮನಾದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನಾನು ಯೋಚಿಸಿದ್ದು ನನ್ನನ್ನೇ.

"ಬೆಳಗ್ಗೆ ಸ್ವಲ್ಪ ಜನ ಇರ್ತಾರೆ ಸಾರ್," ಎಂದೆ.

"ಸ್ವಲ್ಪ ಅಂದ್ರೆ?"

"ಏರುಪೇರು ಇರ್ತದೆ ಸಾರ್."

ಅವರು ಆ ಸಾಲಿನ ಕೆಳಗೆ ಗೆರೆ ಎಳೆದರು. ಪಟ್ಟಿಯ ಕೊನೆಯಲ್ಲಿ 'ಮೇಲ್ಕಂಡ ಅಂಕಿಗಳು ಮಷೀನಿನ ದಾಖಲೆಯಂತೆ ಸರಿ ಇವೆ' ಎಂದು ಬರೆದು ನಾನು ಸಹಿ ಹಾಕಿದೆ. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಊರಿನವರು ಹೇಗೂ ಗಲಾಟೆ ಮಾಡುತ್ತಾರೆ, ವಾರದಲ್ಲಿ ಬಸ್ಸು ವಾಪಸ್ ಬರುತ್ತದೆ ಎಂದು ಲೆಕ್ಕ ಹಾಕಿಕೊಂಡು ಮನೆಗೆ ಹೋಗಿ ಊಟ ಮಾಡಿದೆ.

ಮುಂದಿನ ಸೋಮವಾರದಿಂದ ಬಸ್ಸು ಊರಿನೊಳಕ್ಕೆ ಹೋಗದೆ ಗೇಟಿನಿಂದಲೇ ನೆಟ್ಟಗೆ ಮದ್ದೂರಿಗೆ ಹೋಯಿತು. ಬೆಳಗ್ಗೆ ಏಳಕ್ಕೆ ಅವಳ ಫೋನು.

"ಅಣ್ಣ, ಬಸ್ಸು ಬರ್ನಿಲ್ಲ ಕಣಣ್ಣ. ಕೆಟ್ಟೋಗಿದ್ದದಾ?"

ಟ್ರಿಪ್ಪು ಕಡಿದಿದ್ದಾರೆ ಎಂದು ಹೇಳಿದೆ. ಯಾರು ಪಟ್ಟಿ ಕೊಟ್ಟರು ಎಂದು ಹೇಳಲಿಲ್ಲ. "ಒಂದ್ ವಾರ ತಡಿಯವ್ವ, ನಾನ್ ನೋಡ್ತೀನಿ," ಎಂದೆ.

"ನೀನ್ ಇದ್ದೀಯಲ್ಲ ಬುಡು," ಎಂದು ಇಟ್ಟಳು. ಅವತ್ತು ಅವಳ ಗಂಡ ಆಲೆಮನೆಯಲ್ಲಿ ಬೇರೆಯವರನ್ನು ನಿಲ್ಲಿಸಿ ಮೊಪೆಡ್ಡಿನಲ್ಲಿ ಗೇಟಿಗೆ ತಂದು ಬಿಟ್ಟನಂತೆ.

ಗೇಟಿನಲ್ಲಿ ಇನ್ನೊಂದು ತೊಂದರೆ ಇತ್ತು. ಹೊಸ ಟೈಮಿನಲ್ಲಿ ಬಸ್ಸು ಅಲ್ಲಿ ಐದು ನಿಮಿಷ ನಿಲ್ಲುವ ಮಾತಿಲ್ಲ, ಕೈ ತೋರಿದರೆ ನಿಲ್ಲಬೇಕು ಅಷ್ಟೆ. ಮಳವಳ್ಳಿಯಿಂದಲೇ ತುಂಬಿ ಬರುವ ಬಸ್ಸಿಗೆ ಹಿಂದಿನಿಂದ ಇನ್ನೊಂದು ಬಸ್ಸು ಕಂಡರೆ ಡ್ರೈವರುಗಳು ಎಳೆದುಕೊಂಡು ಹೋಗಿಬಿಡುತ್ತಾರೆ. ನಾನು ಡ್ರೈವರನ್ನು ಕಂಡು ಸೋಮ, ಬುಧ, ಶುಕ್ರ ಗೇಟಿನಲ್ಲಿ ನಿಲ್ಲಿಸಪ್ಪ ಎಂದು ಕೇಳಿಕೊಂಡೆ. ಒಂದು ವಾರ ನಿಲ್ಲಿಸಿದ. ಆಮೇಲೆ ಅವನ ಪಾಳಿ ಬದಲಾಯಿತು.

ಎರಡನೇ ವಾರ ಊರಿನವರು ಅರ್ಜಿ ಹಿಡಿದು ಡಿಪೋಗೆ ಬಂದರು. ಪಂಚಾಯ್ತಿ ಸದಸ್ಯರೊಬ್ಬರು, ಗಾರ್ಮೆಂಟ್ಸಿನ ನಾಲ್ಕು ಹೆಂಗಸರು, ಬಿಳಿ ಮೀಸೆಯ ಒಬ್ಬ ಯಜಮಾನರು. ಸಾಹೇಬರು ಒರಟರಲ್ಲ. ಕೂರಿಸಿ, ನಾನು ಮಾಡಿದ ಪಟ್ಟಿಯನ್ನೇ ತೆಗೆದು ಅವರ ಮುಂದೆ ಇಟ್ಟರು. "ನೋಡಿ, ನಿಮ್ಮೂರಲ್ಲಿ ಹತ್ತೋರು ಮೂರು ನಾಲ್ಕು ಜನ. ನಾನು ಹೇಳ್ತಿಲ್ಲ, ಮಷೀನು ಹೇಳ್ತದೆ."

ಯಜಮಾನರು ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಅಂಗಾರೆ ದಿನಾ ಬಸ್ ಅತ್ತಿದ್ದೋರು ನಾವೆಲ್ಲ ಏನ್ ದೆವ್ವಗಳಾ ಸ್ವಾಮಿ?"

ಗಾರ್ಮೆಂಟ್ಸಿನ ಹೆಂಗಸೊಬ್ಬಳು ನನ್ನ ಕಡೆ ನೋಡಿದಳು. "ಕಂಡಕ್ಟ್ರಣ್ಣ, ನೀನೇ ಯೋಳಣ್ಣ, ಎಷ್ಟ್ ಜನ ಇರ್ತಿದ್ದೋ ಅಂತ."

ನಾನು ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿ ಏನೋ ಹುಡುಕುವವನ ಹಾಗೆ ಕೂತಿದ್ದೆ. "ಸಾಹೇಬ್ರು ನೋಡ್ತಾರೆ ಕಣವ್ವ," ಎಂದೆ. ಅವರು ಎದ್ದು ಹೋದ ಮೇಲೆ ಕುಡಿಯದೆ ಬಿಟ್ಟ ಟೀ ಲೋಟಗಳು ಮೇಜಿನ ಮೇಲೆ ಹಾಗೇ ಉಳಿದವು.

ಆ ವಾರದಿಂದ ನಾನು ಕಳ್ಳದಾರಿಗಳನ್ನು ಹುಡುಕಿದೆ. ತಪ್ಪೊಪ್ಪಿಕೊಳ್ಳದೆ ಬಸ್ಸನ್ನು ವಾಪಸ್ ತರುವ ದಾರಿ. ಚಿಕ್ಕರಸಿನಕೆರೆಯ ಕಡೆಯಿಂದ ಬರುವ ಇನ್ನೊಂದು ಬಸ್ಸನ್ನು ಊರಿಗೆ ಸುತ್ತಿಸಬಹುದೇ ಎಂದು ಟೈಮ್ ಶೀಟು ಹಾಕಿ ನೋಡಿದೆ. ಮಂಡ್ಯ ಸೇರುವಾಗ ಒಂಬತ್ತೂಕಾಲು ಆಗುತ್ತಿತ್ತು, ಅವಳ ಪಾಳಿಗೆ ಸಿಗುವುದಿಲ್ಲ. ಸೋಮ, ಬುಧ, ಶುಕ್ರ ಮಾತ್ರ ಒಳಗೆ ಹೋಗಲಿ ಎಂದು ಒಂದು ಟಿಪ್ಪಣಿ ಬರೆದೆ. ಮೂರು ಜನಕ್ಕೆ ಮೂರು ದಿನ ಯಾಕೆ ಎಂದು ಸಾಹೇಬರು ಬದಿಗಿಟ್ಟರು. ಒಮ್ಮೆ ಜನರನ್ನು ಕೈಯಲ್ಲಿ ಎಣಿಸಿ ನೋಡೋಣ ಸಾರ್ ಎಂದೆ. "ಮಷೀನು ತಪ್ಪು ಅಂತ ಹೇಳೋಕೆ ನಿಮ್ಮ ಹತ್ರ ಏನು ಕಾರಣ ಇದೆ?" ಎಂದು ಕೇಳಿದರು. ಕಾರಣ ನನ್ನ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ.

ನಾಲ್ಕನೇ ವಾರದ ಬುಧವಾರ ರಜಾ ಹಾಕಿ ಬೆಳಗ್ಗೆಯೇ ಗೇಟಿಗೆ ಹೋದೆ. ಅವಳು ಮೋರಿಯ ಕಟ್ಟೆಯ ಮೇಲೆ ಕೂತಿದ್ದಳು. ಗುರುತೇ ಸಿಗಲಿಲ್ಲ. ಮುಖ ಬಾತುಕೊಂಡಿತ್ತು, ಕಾಲು ಚಪ್ಪಲಿಯೊಳಗೆ ಹಿಡಿಸದೆ ಪಟ್ಟಿ ಬಿಚ್ಚಿಕೊಂಡಿದ್ದಳು. ಎಡಗೈಯನ್ನು ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಗಂಡ ಅವಳನ್ನು ಬಿಟ್ಟು ಕೆಲಸಕ್ಕೆ ಹೋಗಿದ್ದ.

"ವಾರುಕ್ ಎಷ್ಟ್ ಸಲ ಓಯ್ತಿದೀಯವ್ವ?" ಎಂದು ಕೇಳಿದೆ.

"ಒಂದ್ಸಲ ಓಯ್ತೀನಿ, ಒಂದೊಂದ್ ವಾರ ಎರಡು. ನಿಲ್ಸುದ್ರೆ ಓಯ್ತೀನಿ, ಇಲ್ದಿದ್ರೆ ಇಲ್ಲೇ ಕುಂತಿದ್ದು ವಾಪಸ್ ನಡೀತೀನಿ. ನಾಕ್ ಎಜ್ಜೆಗೊಂದ್ಸಲ ಉಸ್ರು ಕಟ್ತದೆ."

ಬಸ್ಸು ಬಂತು. ನಾನು ರಸ್ತೆಗಿಳಿದು ಎರಡೂ ಕೈ ಎತ್ತಿದೆ. ಡ್ರೈವರು ಹೊಸಬ, ನನ್ನನ್ನು ಗುರುತು ಹಿಡಿಯಲಿಲ್ಲ. ಹಿಂದೆ ಇನ್ನೊಂದು ಬಸ್ಸಿದೆ ಎಂದು ಕೈಸನ್ನೆ ಮಾಡಿ ಹೋಗಿಬಿಟ್ಟ. ಹಿಂದೆ ಬಂದದ್ದು ಒಂದು ಕಬ್ಬಿನ ಲಾರಿ. ಅವಳು ಎದ್ದವಳು ಮತ್ತೆ ಕೂತಳು. ಬೇಸರವನ್ನೂ ಮಾಡಿಕೊಳ್ಳಲಿಲ್ಲ.

"ಬುಡಣ್ಣ, ಸುಕ್ರುವಾರ ಓಯ್ತೀನಿ."

ನಾನು ಬಿಡಲಿಲ್ಲ. ಟೀ ಅಂಗಡಿಯವನ ಸಂಬಂಧಿಕರ ಲಗೇಜ್ ಆಟೋ ಕರೆಸಿ, ಅವಳನ್ನು ಮುಂದೆ ಕೂರಿಸಿ, ನಾನು ಹಿಂದೆ ಎಳನೀರಿನ ಗೊನೆಗಳ ನಡುವೆ ಕೂತು ಮಂಡ್ಯಕ್ಕೆ ಹೋದೆವು. ತಲುಪಿದಾಗ ಒಂಬತ್ತು ದಾಟಿತ್ತು. ಅವಳ ಮಷೀನಿನಲ್ಲಿ ಇನ್ನೊಬ್ಬರು ಮಲಗಿದ್ದರು. ನರ್ಸು ಕೆಟ್ಟವಳಲ್ಲ, ಮಧ್ಯಾಹ್ನದ ಮೇಲೆ ಎರಡು ಗಂಟೆ ಹೊತ್ತು ಹೇಗೋ ಹೊಂದಿಸಿಕೊಟ್ಟಳು. ನಾಲ್ಕು ಗಂಟೆ ಆಗಬೇಕಾದ್ದು ಎರಡೇ ಗಂಟೆ. "ಇವರು ಹೀಗೆ ತಪ್ಪಿಸಿದರೆ ಶ್ವಾಸಕೋಶಕ್ಕೆ ನೀರು ತುಂಬ್ತದೆ, ನೀವು ಏನಾಗಬೇಕು ಇವರಿಗೆ?" ಎಂದು ನನ್ನನ್ನು ಗದರಿದಳು. ಏನಾಗಬೇಕು ನಾನು ಇವಳಿಗೆ? ಇವಳ ಬಸ್ಸು ನಿಲ್ಲಿಸಿದವನು. ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಅವಳು ಹೊರಗೆ ಬರುವ ಹೊತ್ತಿಗೆ ನನ್ನ ತೀರ್ಮಾನ ಆಗಿಹೋಗಿತ್ತು.

ಮರುದಿನ ಬೆಳಗ್ಗೆ ಸಾಹೇಬರ ಮುಂದೆ ಒಂದು ಹಾಳೆ ಇಟ್ಟೆ. ಊರಿನಲ್ಲಿ ಹತ್ತಿದ ಹೆಂಗಸರಿಗೆ ನಾನು ಗೇಟಿನ ಸ್ಟೇಜು ಹಾಕಿ ಟಿಕೆಟ್ ಕೊಟ್ಟಿದ್ದೇನೆ, ನನ್ನ ನಂತರದವನಿಗೆ ನಾನೇ ಹಾಗೆ ಹೇಳಿಕೊಟ್ಟಿದ್ದೇನೆ, ಅವನದೇನೂ ತಪ್ಪಿಲ್ಲ, ಪಟ್ಟಿ ತಪ್ಪು ಎಂದು ಗೊತ್ತಿದ್ದೂ ಸಹಿ ಹಾಕಿದ್ದೇನೆ. ಅವರು ಎರಡು ಸಲ ಓದಿದರು.

"ಇದನ್ನ ಆವತ್ತೇ ಹೇಳಿದ್ರೆ ಒಂದು ಮಾತಲ್ಲಿ ಮುಗೀತಿತ್ತಲ್ರೀ," ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬಿಜಾಪುರದ ಹುಡುಗನನ್ನೂ ಕರೆಸಿದರು. ಅವನು ಬಂದವನೇ ನನ್ನ ಮುಖ ನೋಡಿದ. "ನೀವ ಹೇಳಿದ್ರಲ್ರಿ ಸರ, ಗೇಟಿನ್ಯಾಗ ಹರಿ ಅಂತ. ನಾ ಏನ್ ತಪ್ಪ ಮಾಡೀನ್ರಿ?" ಅವನಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ನನಗೆ ಮೆಮೊ ಬಂತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಆಮೇಲೆ ಕೆಲಸ ಜೋರಾಗಿ ನಡೆಯಿತು. ತೆಗೆದ ಟ್ರಿಪ್ಪನ್ನು ಮತ್ತೆ ಹಾಕಬೇಕಾದರೆ ಮಂಡ್ಯದಿಂದ ಮಂಜೂರಾತಿ ಬೇಕು, ಅದಕ್ಕೆ ಕೈ ಎಣಿಕೆಯ ವರದಿ ಬೇಕು. ಮೂರು ದಿನ ಬೆಳಗ್ಗೆ ನಾನೇ ಊರಿನ ಅರಳಿಕಟ್ಟೆಯ ಮೇಲೆ ಪುಸ್ತಕ ಹಿಡಿದು ಕೂತು, ಗೇಟಿಗೆ ನಡೆದು ಹೋಗುವವರನ್ನು ಒಬ್ಬೊಬ್ಬರನ್ನಾಗಿ ಬರೆದುಕೊಂಡೆ. ಹೆಸರು, ಹೋಗುವ ಊರು, ಕೆಲಸ. ಕಾಲೇಜಿನ ಇಬ್ಬರು ಹುಡುಗಿಯರು ಆಗಲೇ ಹೋಗುವುದನ್ನು ಬಿಟ್ಟಿದ್ದರು. ಅವರ ಹೆಸರನ್ನೂ ಬರೆದೆ. ಹೊಸ ಟೈಮ್ ಶೀಟು ಹಾಕಿದೆ, ಕಾಲೇಜು ಹುಡುಗರ ಬಸ್ಸಿಗೂ ಧಕ್ಕೆಯಾಗದ ಹಾಗೆ ಬೇರೆ ಟ್ರಿಪ್ಪಿನ ಹತ್ತು ನಿಮಿಷ ಎಳೆದು ಹೊಂದಿಸಿದೆ. ಕಡತವನ್ನು ನಾನೇ ಕೈಯಲ್ಲಿ ಹಿಡಿದು ಮಂಡ್ಯಕ್ಕೆ ಹೋಗಿ ಮೇಜಿನಿಂದ ಮೇಜಿಗೆ ಓಡಾಡಿಸಿದೆ. ಅಷ್ಟು ದಿನ ಲಗೇಜ್ ಆಟೋದವನು ಅವಳನ್ನು ಕರೆದೊಯ್ಯಲು ಒಪ್ಪಿದ್ದ, ಎಳನೀರು ಲೋಡು ಇದ್ದ ದಿನ ಬರುತ್ತಿದ್ದ, ಇಲ್ಲದ ದಿನ ಇಲ್ಲ.

ಒಂದು ಶುಕ್ರವಾರ ಬೆಳಗ್ಗೆ ಮಂಜೂರಾತಿ ಕೈಗೆ ಬಂತು. ಸೋಮವಾರದಿಂದ ಬಸ್ಸು. ಆಫೀಸಿನ ಮೆಟ್ಟಿಲ ಮೇಲೆ ನಿಂತೇ ಅವಳಿಗೆ ಫೋನು ಮಾಡಿದೆ.

"ಸೋಮಾರ ಊರೊಳಕ್ಕೇ ಬತ್ತದೆ ಕಣವ್ವ. ನಾನೂ ಬತ್ತೀನಿ. ನಿನ್ ಸೀಟು ಹಿಡ್ದಿರ್ತೀನಿ."

ಉಸಿರು ಎಳೆದುಕೊಳ್ಳುವ ಶಬ್ದ ಕೇಳಿಸಿತು. "ಆಟೋ ಇವತ್ತು ಬರ್ನಿಲ್ಲ. ಸೋಮಾರ ತಾನೆ? ಅಲ್ಲಿಗಂಟ ತಡ್ಕತೀನಿ ಬುಡು."

ಆ ಹೊತ್ತಿನಲ್ಲಿ ನಾನು 'ಬೇಡ, ಇವತ್ತೇ ಹೋಗು, ಯಾವುದಾದರೂ ಕಾರು ಹಿಡಿ' ಎನ್ನಬೇಕಿತ್ತು. ಕಡತ ಗೆದ್ದ ಖುಷಿಯಲ್ಲಿದ್ದೆ, ಅನ್ನಲಿಲ್ಲ.

ಸೋಮವಾರ ಮಳವಳ್ಳಿಯಲ್ಲೇ ಬಸ್ಸು ಹತ್ತಿ, ಕಂಡಕ್ಟರ್ ಸೀಟಿನ ಹಿಂದಿನ ಸೀಟಿನ ಮೇಲೆ ನನ್ನ ಟವೆಲ್ಲು ಹಾಕಿ, ಪಕ್ಕದಲ್ಲಿ ನಿಂತುಕೊಂಡೆ. ಗೇಟಿನಲ್ಲಿ ಬಸ್ಸು ಎಡಕ್ಕೆ ತಿರುಗಿತು. ಬಸ್ಸು ಬಂದರೆ ತೆಂಗಿನಕಾಯಿ ಒಡೆಯುತ್ತೇವೆ ಎಂದು ಊರಿನವರು ಹೇಳಿದ್ದರು. ಅರಳಿಕಟ್ಟೆಯ ಹತ್ತಿರ ಜನ ನಿಂತಿದ್ದರು. ಯಾರ ಕೈಯಲ್ಲೂ ಕಾಯಿ ಇರಲಿಲ್ಲ. ಬಿಳಿ ಮೀಸೆಯ ಯಜಮಾನರು ಬಾಗಿಲ ಹತ್ತಿರ ಬಂದರು.

"ಊರಲ್ಲಿ ಸಾವಾಗದೆ ಕಣಪ್ಪ. ಆ ಆಸ್ಪತ್ರೆಗೆ ಓಯ್ತಿದ್ಲಲ್ಲ, ಆ ಎಣ್ಮಗ್ಳು. ನೆನ್ನೆ ಮದ್ಯಾನ ಉಸ್ರು ಕಟ್ತು. ಕಾರಲ್ಲಿ ಆಕ್ಕೊಂಡ್ ಓದ್ರು, ಮದ್ದೂರು ದಾಟ್ನಿಲ್ಲ."

ಹೆಂಗಸರು ಸದ್ದಿಲ್ಲದೆ ಹತ್ತಿದರು. ಬಿಜಾಪುರದ ಹುಡುಗ ಬಸ್ಸನ್ನು ಊರಿನಲ್ಲೇ ನಿಲ್ಲಿಸಿಕೊಂಡು ಒಬ್ಬೊಬ್ಬರ ಕಾರ್ಡು ನೋಡಿ ಟಿಕೆಟ್ ಹರಿದ. ಹದಿನೈದು ನಿಮಿಷ ತಡವಾಯಿತು. ನಾನು ಟವೆಲ್ಲು ಎತ್ತಿಕೊಂಡು ಇಳಿದೆ. ಆ ಸೀಟಿನ ಮೇಲೆ ಯಾರು ಕೂತರೋ ನೋಡಲಿಲ್ಲ.

ಹನ್ನೊಂದನೆಯ ದಿನದ ಕಾರ್ಯ ಕಳೆದ ಮೇಲೆ ಅವಳ ಮನೆಗೆ ಹೋದೆ. ಗಂಡ ಜಗಲಿಯ ಮೇಲೆ ಕೂತಿದ್ದ. ತೋಳಿನ ಮೇಲೆ ಬೆಲ್ಲದ ಪಾಕ ಸಿಡಿದ ಹಳೆಯ ಕಲೆಗಳು. ಒಳಗೆ ಹೋಗಿ ಆಸ್ಪತ್ರೆಯ ಫೈಲು ತಂದು, ಅದರೊಳಗಿನ ಒಂದು ಪ್ಲಾಸ್ಟಿಕ್ ಕವರನ್ನು ನನ್ನ ಕೈಗೆ ಕೊಟ್ಟ.

"ಆಸ್ಪತ್ರೆಗ್ ಓಗುವಾಗ್ನ ಟಿಕೆಟ್ಟು. ಆಫೀಸ್ನೋರು ಯಾವತ್ತಾದ್ರೂ ಕೇಳುದ್ರೆ ಬೇಕಾಯ್ತದೆ ಅಂತ ಒಂದೂ ಎಸೀದಂಗೆ ಮಡ್ಗಿದ್ಲು. ನಿಮ್ಗೇನಾದ್ರೂ ಬೇಕಾಯ್ತದಾ ನೋಡಣ್ಣ."

ಕವರು ಬಿಚ್ಚಿದೆ. ಎರಡು ವರ್ಷದ ಸೊನ್ನೆ ಟಿಕೆಟ್ಟುಗಳು, ರಬ್ಬರ್ ಬ್ಯಾಂಡು ಹಾಕಿ ಕಟ್ಟಿದ್ದು. ಹಳೆಯವುಗಳ ಅಕ್ಷರ ಹಾರಿಹೋಗಿ ಬರೀ ಬಿಳಿ ಕಾಗದವಾಗಿದ್ದವು. ಆಮೇಲಿನವುಗಳಲ್ಲಿ ಮಸುಕಾಗಿ, ಇತ್ತೀಚಿನವುಗಳಲ್ಲಿ ಸ್ಪಷ್ಟವಾಗಿ ಒಂದೇ ಬರಹ: ಗೇಟಿನಿಂದ ಮಂಡ್ಯಕ್ಕೆ. ಗೇಟಿನಿಂದ ಮಂಡ್ಯಕ್ಕೆ. ಅಷ್ಟೂ ತಿರುವಿ ನೋಡಿದೆ. ಒಂದರಲ್ಲೂ ಅವಳ ಊರಿನ ಹೆಸರಿರಲಿಲ್ಲ.

ನಾನು ಹೇಳಿದೆ. ಎಲ್ಲವನ್ನೂ, ಗೇಟಿನಲ್ಲಿ ಹರಿದದ್ದು, ಪಟ್ಟಿಗೆ ಸಹಿ ಹಾಕಿದ್ದು, ಗೊತ್ತಿದ್ದೂ ನಾಲ್ಕು ವಾರ ಬಾಯಿ ಮುಚ್ಚಿಕೊಂಡಿದ್ದು. ಅವನು ನನ್ನನ್ನು ಹೊಡೆಯಲಿ ಎಂದು ಮನಸ್ಸಿನಲ್ಲಿತ್ತು. ಅವನು ಕವರನ್ನು ವಾಪಸ್ ಇಸಿದುಕೊಂಡು, ಟಿಕೆಟ್ಟುಗಳನ್ನು ಸಮ ಮಾಡಿ, ರಬ್ಬರ್ ಬ್ಯಾಂಡು ಹಾಕಿದ.

"ಅವ್ಳ್ ತಂಗಿ ಮಂಡ್ಯದಲ್ಲೇ ಅವ್ಳೆ," ಎಂದ ಕೊನೆಗೆ. "ಬಸ್ಸು ನಿಂತಾಗ್ಲೇ ಬಂದು ಕರುದ್ಲು, ನಮ್ಮನೇಲಿ ಇರು ಬಾ, ಆಸ್ಪತ್ರೆ ಇಲ್ಲೇ ಅದೆ ಅಂತ. ನಾನೂ ಓಗು ಅಂದೆ. ಓಗ್ನಿಲ್ಲ."

"ಯಾಕೆ?"

"ನಮ್ ಕಂಡಕ್ಟ್ರಣ್ಣ ಒಂದ್ ವಾರ ತಡಿ ಅಂದವ್ನೆ, ಅವ್ನು ಡಿಪೋಲೇ ಅವ್ನೆ, ಬಸ್ ಬುಟ್ಟೇ ಬುಡ್ತನೆ ಅಂದ್ಲು. ವಾರ ವಾರಕ್ಕೂ ಅದ್ನೇ ಅಂದ್ಲು."

ದೂರದಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಅವನು ಎದ್ದು ನಿಂತ.

"ಓಗಣ್ಣ. ಈಗ ಊರೊಳಕ್ಕೇ ಬತ್ತದೆ, ಗೇಟ್ ಗಂಟ ನಡಿಯಂಗಿಲ್ಲ."

ಅರಳಿಕಟ್ಟೆಯ ಹತ್ತಿರ ಬಸ್ಸು ನಿಂತಿತ್ತು. ಹತ್ತಿ ಹಿಂದೆ ಹೋಗಿ ಕೂತೆ. ಎದುರಿನ ಸೀಟಿನ ಕಂಬಿ ಹಿಡಿದೆ. ಇಂಜನ್ನು ಓಡುತ್ತಿದ್ದುದರಿಂದ ಅದು ಸಣ್ಣಗೆ ನಡುಗುತ್ತಿತ್ತು. ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಬಿಜಾಪುರದ ಹುಡುಗನ ಬದಲಿಗೆ ಅವತ್ತು ಬಂದಿದ್ದ ಕಂಡಕ್ಟರು ನನ್ನನ್ನು ಅರಿಯದ ಬೇರೆ ಡಿಪೋದವನು. ಬಂದು ಎಲ್ಲಿ ಹತ್ತಿದಿರಿ ಎಂದು ಕೇಳಿದ. ನನ್ನ ಜೇಬಿನಲ್ಲಿ ನೌಕರರ ಪಾಸು ಇತ್ತು, ತೋರಿಸಲಿಲ್ಲ. ಅವಳ ಊರಿನ ಹೆಸರು ಹೇಳಿ ಟಿಕೆಟ್ಟು ತೆಗೆದುಕೊಂಡೆ.